ಹೊಸದಾಗಿ ಆಫೀಸಿಗೆ ಸೇರಿದವರಿಗೆ, ಅಕೌಂಟ್ಸ್ ಟೇಬಲ್ಲಿನಿಂದ

ಪೀಣ್ಯದ ಒಂದು ಫ್ಯಾಕ್ಟರಿ ಆಫೀಸಿನಲ್ಲಿ 21 ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಜುಲೈ ಬಂತೆಂದರೆ ಕಾಲೇಜು ಮುಗಿಸಿದ ಮಕ್ಕಳು ನಾಲ್ಕೈದು ಜನ ಸೇರುತ್ತಾರೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಹೇಗೋ ಎರಡು ವಾರದಲ್ಲಿ ಕೈಗೆ ಹತ್ತುತ್ತದೆ. ಹೇಗೆ ನಡೆದುಕೊಳ್ಳಬೇಕು ಅಂತ ಮಾತ್ರ ಯಾರೂ ಕೂರಿಸಿಕೊಂಡು ಹೇಳಲ್ಲ.

ಮೊದಲು ನೀನು, ನೀವು ವಿಷಯ. ಎಲ್ಲರಿಗೂ ಬಹುವಚನವೇ ಇರಲಿ. ಗೇಟಿನ ಸೆಕ್ಯೂರಿಟಿಗೂ, ನೆಲ ಒರೆಸುವ ಅಕ್ಕನಿಗೂ, ಟೀ ತರುವ ಹುಡುಗನಿಗೂ. ಮ್ಯಾನೇಜರ್ ಹತ್ತಿರ "ಹೇಳಿ ಸಾರ್" ಅಂದು, ತಿರುಗಿದ ಕೂಡಲೇ "ಏಯ್, ನೀರು ತಾ" ಅಂದರೆ ಇಡೀ ಸೆಕ್ಷನ್ನಿಗೆ ಕೇಳಿಸುತ್ತದೆ. ನಮ್ಮಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದಾರೆ, ಮಾತಿಗೊಂದು "ರೀ". ಹೊಸಬರಿಗೆ ನಗು ಬರುತ್ತದೆ. ನಗೋದು ಬಿಟ್ಟು ಕಲಿತುಕೊಳ್ಳಿ. "ಬರ್ರಿ, ಕೂಡ್ರಿ" ಅಂದವರ ಮೇಲೆ ಸಿಟ್ಟು ಮಾಡಿಕೊಳ್ಳೋದು ತುಂಬಾ ಕಷ್ಟ!

ಎರಡನೆಯದು, ಬೇರೆಯವರ ತಾರೀಕುಗಳನ್ನು ತಿಳಿದುಕೊಳ್ಳಿ. ನನ್ನ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ ದಿನ ನಾಲ್ಕು. 7ಕ್ಕೆ ಟಿಡಿಎಸ್, ಅಂದರೆ ನಾವು ಹಿಡಿದಿಟ್ಟ ತೆರಿಗೆ ಕಟ್ಟೋದು, 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ವಿವರ, 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ (ಆರೋಗ್ಯ ವಿಮೆ) ಹಣ, 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟೋದು. 20ರ ಸಂಜೆ ಜಿಎಸ್‌ಟಿ ಪೋರ್ಟಲ್ ಗಿರಗಿರ ಸುತ್ತುತ್ತಾ ಇರುವಾಗ ಪೆಟ್ರೋಲ್ ಬಿಲ್ ಹಿಡಿದು "ಮೇಡಂ, ಒಂದೇ ನಿಮಿಷ" ಅಂತ ಬಂದರೆ ನನ್ನ ಮುಖ ಹೇಗಿರಬೇಡ? ಸ್ಟೋರ್ಸ್‌ನವರಿಗೆ ಸ್ಟಾಕ್ ಎಣಿಸುವ ದಿನ, ಡಿಸ್ಪ್ಯಾಚ್‌ನವರಿಗೆ ತಿಂಗಳ ಕೊನೆ ಹೀಗೇ ಇರುತ್ತದೆ. ಸೇರಿದ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.

ವಾಟ್ಸಾಪ್‌ನಲ್ಲಿ "ಹಾಯ್ ಮೇಡಂ" ಅಂತ ಹಾಕಿ ಸುಮ್ನೆ ಕೂರಬೇಡಿ. ಆ ಕಡೆಯವರು ಕೆಲಸ ಬಿಟ್ಟು ಕಾಯುತ್ತಿರುತ್ತಾರೆ. ಹೀಗೆ ಬರೆಯಿರಿ: "ಮೇಡಂ, ಶುಕ್ರವಾರ ಹೊಸೂರಿಗೆ ಹೋಗಿ ಬಂದ ಬಿಲ್, 1,840 ರೂಪಾಯಿ. ಒಂದು ಟೋಲ್ ರಸೀದಿ ಕಳೆದುಹೋಗಿದೆ. ಯಾವಾಗ ತರಲಿ?" ಇಷ್ಟಿದ್ದರೆ ಒಂದೇ ಸಾಲಲ್ಲಿ ಉತ್ತರ ಕೊಡಬಹುದು.

ತಪ್ಪು ಮಾಡಿದಾಗ ಏನು ಮಾಡಬೇಕು ಅನ್ನೋದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಫ್ಯಾಕ್ಸ್‌ನಲ್ಲಿ ಬಂದ ಬಿಲ್ಲಿಗೆ ಒಂದು ಚೆಕ್ ಕಳಿಸಿದ್ದೆ. ಅದೇ ಬಿಲ್ಲಿನ ಒರಿಜಿನಲ್ ಅಂಚೆಯಲ್ಲಿ ಬಂತು, ಅದಕ್ಕೂ ಒಂದು ಚೆಕ್! 46,000 ರೂಪಾಯಿ. ಮರುದಿನವೇ ಗೊತ್ತಾಯಿತು. ಹೇಗೋ ಸರಿಹೋಗುತ್ತದೆ ಅಂತ ಎರಡು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಆ ಕಡೆಯ ಅಕೌಂಟೆಂಟೇ ನಮ್ಮ ಬಾಸ್‌ಗೆ ಫೋನ್ ಮಾಡಿ ಹೇಳಿದರು. ದುಡ್ಡು ವಾಪಸ್ ಬಂತು. ಆದರೆ ಆರು ತಿಂಗಳು ನನ್ನ ಪ್ರತಿ ವೋಚರಿಗೂ ಇನ್ನೊಬ್ಬರ ಸಹಿ ಬೇಕಾಯಿತು. ಹಾಗಾಗಿ, ಗೊತ್ತಾದ ಗಂಟೆಯೊಳಗೆ ಹೋಗಿ ಹೇಳಿ. ಏನಾಯಿತು, ಎಷ್ಟು ದುಡ್ಡಿನ ವಿಷಯ, ಸರಿಮಾಡಲು ಏನು ಮಾಡಿದ್ದೀರಿ, ಇಷ್ಟೇ. "ನನಗೆ ಯಾರೂ ಹೇಳಿರಲಿಲ್ಲ" ಅನ್ನೋದನ್ನು ಆಮೇಲೆ ಕೇಳಿದರೆ ಹೇಳಬಹುದು.

ಸಣ್ಣಪುಟ್ಟವು: ಫೋನ್ ಸ್ಪೀಕರಿನಲ್ಲಿ ಮಾತು ಬೇಡ. ಲೇಟಾಗುತ್ತೆ ಅಂತ ಹೊರಡುವಾಗಲೇ ತಿಳಿಸಿ, ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ ಕಥೆ ಎಲ್ಲರಿಗೂ ಗೊತ್ತು. ಸಂಬಳ ಎಷ್ಟು, ಮದುವೆ ಯಾವಾಗ ಅಂತ ಕೇಳಬೇಡಿ.

ಹೆಣ್ಣುಮಕ್ಕಳ ಉಡುಪು, ಮೈಕಟ್ಟಿನ ಬಗ್ಗೆ ತಮಾಷೆ ಮಾಡಿದರೆ ಅದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿಯಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು ಕೊಡಲು ಸಾಮಾನ್ಯವಾಗಿ 3 ತಿಂಗಳ ಅವಧಿ ಇದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಕೊನೆಗೆ ರಜೆ. ಹೋಗುವ ಮುಂಚೆ ಅರ್ಧಕ್ಕೆ ನಿಂತ ಕೆಲಸ, ಫೈಲು ಇರುವ ಜಾಗ, ಯಾರನ್ನು ಕೇಳಬೇಕು, ಇವನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಿ. ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ನನಗೆ ಆಫೀಸಿನಿಂದ ಒಂದೇ ಒಂದು ಫೋನ್ ಬಂತು. ಬೀರುವಿನ ಬೀಗದ ಕೈ ಎಲ್ಲಿದೆ ಅಂತ. ನನ್ನ ಬ್ಯಾಗಿನಲ್ಲೇ ಇತ್ತು.