ಬೆಂಗಳೂರಿನಲ್ಲಿ ಕೆಲಸ ಹುಡುಕುವ ಬಗೆ

ಬೆಂಗಳೂರಿನಲ್ಲಿ ಕೆಲಸ ಹುಡುಕುವವರು ಯಾವ ಹುದ್ದೆ ಬೇಕು, ಊರಿನ ಯಾವ ದಿಕ್ಕಿಗೆ ದಿನವೂ ಹೋಗಿಬರಲು ಸಾಧ್ಯ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕಾರ್ಖಾನೆಯ ಕೆಲಸಗಳು ಪೀಣ್ಯ, ಬೊಮ್ಮಸಂದ್ರಗಳಲ್ಲಿ ಹೆಚ್ಚು. ಸಾಫ್ಟ್‌ವೇರ್ ಕೆಲಸಗಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಹೊರವರ್ತುಲ ರಸ್ತೆಯ ಉದ್ದಕ್ಕೂ ಹಬ್ಬಿವೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಜಯನಗರದ ಕಡೆಯವರಿಗೆ ಎಲೆಕ್ಟ್ರಾನಿಕ್ ಸಿಟಿ ದೂರವೆನಿಸುವುದಿಲ್ಲ, ಆದರೆ ಯಲಹಂಕದಲ್ಲಿದ್ದು ಅಲ್ಲಿಗೆ ಅರ್ಜಿ ಹಾಕುವವರು ಮನೆ ಬದಲಿಸುವ ಮಾತನ್ನು ಸಂದರ್ಶನಕ್ಕೆ ಮುಂಚೆಯೇ ಮನೆಯವರೊಂದಿಗೆ ಆಡಿ ಮುಗಿಸಿರಬೇಕು.

ಒಂದೇ ರೆಸ್ಯೂಮೆಯನ್ನು ಸಿಕ್ಕಸಿಕ್ಕ ಕಡೆಗೆಲ್ಲ ಕಳಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ‘ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ’ ಎಂದು ಬರೆಯುವ ಬದಲು ‘ಟ್ಯಾಲಿಯಲ್ಲಿ ಮೂರು ಶಾಖೆಗಳ ಲೆಕ್ಕ ನಿರ್ವಹಿಸಿ, ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದೆ’ ಎಂದು ಬರೆದರೆ ಓದುವವರಿಗೆ ಕೆಲಸ ಕಣ್ಣಿಗೆ ಕಾಣುತ್ತದೆ. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಪ್ರೊಫೈಲ್ ಇರಲಿ. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಬಹುದು. ಆದರೂ ಕಂಪನಿಯ ಒಳಗಿರುವ ಪರಿಚಿತರ ರೆಫರಲ್‌ಗೆ, ಅಂದರೆ ಶಿಫಾರಸಿಗೆ, ಇರುವ ತೂಕ ಬೇರೆಯೇ. ಹಳೆಯ ಸಹಪಾಠಿಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ, ಅನೇಕ ಕಂಪನಿಗಳು ಅದಕ್ಕಾಗಿ ಅವರಿಗೆ ಬೋನಸ್ ಕೊಡುತ್ತವೆ. ಬರೀ ‘ಏನಾದರೂ ಕೆಲಸ ಇದ್ದರೆ ಹೇಳಿ’ ಎನ್ನದೆ, ಹುದ್ದೆಯ ಜಾಬ್ ಐಡಿ ಮತ್ತು ರೆಸ್ಯೂಮೆಯನ್ನು ಒಟ್ಟಿಗೆ ಕಳಿಸಿದರೆ ಅವರ ಕೆಲಸ ಹಗುರವಾಗುತ್ತದೆ.

ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ಮುಂಗಡ ಹಣ ಕೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಂಬಳದ ಮಾತಿನಲ್ಲಿ ಸಿಟಿಸಿಯನ್ನೇ, ಅಂದರೆ ಕಂಪನಿ ಒಬ್ಬ ಉದ್ಯೋಗಿಗಾಗಿ ಮಾಡುವ ಒಟ್ಟು ವೆಚ್ಚವನ್ನೇ, ಕೈಗೆ ಬರುವ ಹಣವೆಂದು ಭಾವಿಸುವವರು ಬಹಳ. ವರ್ಷಕ್ಕೆ 6 ಲಕ್ಷ ಸಿಟಿಸಿಯಲ್ಲಿ ಮೂಲ ವೇತನ ಅರ್ಧದಷ್ಟಿದೆ ಎಂದುಕೊಳ್ಳಿ. ತಿಂಗಳ 50,000ದಲ್ಲಿ ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) 3,000, ಗ್ರಾಚ್ಯುಟಿಗೆಂದು ಸುಮಾರು 1,200, ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆದರೆ ಉಳಿಯುವುದು ಸುಮಾರು 42,600. ವೇರಿಯಬಲ್ ಪೇ (ಸಾಧನೆಗೆ ತಕ್ಕಂತೆ ಬದಲಾಗುವ ವೇತನ), ವಿಮೆಯ ಕಂತುಗಳನ್ನೂ ಸಿಟಿಸಿಯೊಳಗೇ ಸೇರಿಸಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಒಪ್ಪಿಗೆ ಕೊಡುವ ಮೊದಲು ವಿವರವಾದ ಬ್ರೇಕಪ್ ಅನ್ನು ಇಮೇಲ್‌ನಲ್ಲೇ ಕೇಳಿ ಪಡೆಯಿರಿ, ಆಫರ್ ಲೆಟರ್ ಕೈಸೇರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) 90 ದಿನಗಳಿದ್ದರೆ ಅದನ್ನು ಮೊದಲ ಕರೆಯಲ್ಲೇ ತಿಳಿಸಿ, ಹೊರಡುವಾಗ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯ ಪತ್ರ) ಮತ್ತು ಕೊನೆಯ ಮೂರು ತಿಂಗಳ ಪೇ ಸ್ಲಿಪ್‌ಗಳನ್ನು ಮರೆಯದೆ ಪಡೆದುಕೊಳ್ಳಿ; ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಸಾಮಾನ್ಯವಾಗಿ ಕೇಳುವುದು ಇವನ್ನೇ.