ಮಳೆಗಾಲದಲ್ಲಿ ಹೊಟ್ಟೆಯ ಡಯಾಲಿಸಿಸ್: ಬ್ಯಾಗಿನ ನೀರು ಮಸುಕಾದರೆ ಏನು ಮಾಡಬೇಕು

ಹೊಟ್ಟೆಯಿಂದ ಹೊರಬಂದ ನೀರಿನ ಬ್ಯಾಗನ್ನು ನಾನು ಪ್ರತಿ ಸಲ ‘ಶಕ್ತಿ’ ದಿನಪತ್ರಿಕೆಯ ಮೇಲೆ ಇಟ್ಟು ನೋಡುತ್ತೇನೆ. ಬ್ಯಾಗಿನ ಮೂಲಕ ಅಕ್ಷರ ಓದಲು ಬಂದರೆ ಸರಿ. ಓದಲು ಬರದಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಬೇಕು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ನಮ್ಮ ಮನೆಯೊಳಗೆ ಮಧ್ಯಾಹ್ನವೂ ಕತ್ತಲು. ಅದಕ್ಕೇ ಪೇಪರಿನ ಪಕ್ಕ ಒಂದು ಟಾರ್ಚ್ ಇರುತ್ತದೆ.

ನಮ್ಮ ಮನೆ ಕೊಡಗಿನ ಚೇರಂಬಾಣೆ ಕಡೆ. ಸಕ್ಕರೆ ಕಾಯಿಲೆಯಿಂದ ನನ್ನ ಎರಡೂ ಕಿಡ್ನಿ ಕೆಟ್ಟವು. ರಕ್ತದ ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ ಓಡಾಡಬೇಕು. ಮಳೆಗಾಲದಲ್ಲಿ ನಮ್ಮ ರಸ್ತೆಯನ್ನು ನಂಬುವ ಹಾಗಿಲ್ಲ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ? ಹಾಗಾಗಿ ಮೈಸೂರಿನ ಡಾಕ್ಟರ ಹತ್ತಿರ ಮಾತಾಡಿ, ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆಯ ಡಯಾಲಿಸಿಸ್ ಆರಿಸಿಕೊಂಡೆ.

ನಮ್ಮ ಹೊಟ್ಟೆಯ ಒಳಗೋಡೆಗೆ, ಕರುಳಿಗೆ ಹೊದಿಸಿದ ಹಾಗೆ ಒಂದು ತೆಳು ಪರೆ ಇದೆ. ಪೆರಿಟೋನಿಯಂ ಅನ್ನುತ್ತಾರೆ. ಅದರಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತುಂಬಾ ಇವೆ. ಹೊಟ್ಟೆಗೆ ಕೂರಿಸಿರುವ ಟ್ಯೂಬಿನಿಂದ ಎರಡು ಲೀಟರ್ ದ್ರಾವಣ ಹೊಟ್ಟೆಗೆ ಬಿಟ್ಟು ನಾಲ್ಕರಿಂದ ಆರು ಗಂಟೆ ಇಟ್ಟುಕೊಂಡರೆ, ರಕ್ತದ ಕಶ್ಮಲ ಆ ಪರೆ ದಾಟಿ ದ್ರಾವಣಕ್ಕೆ ಬರುತ್ತದೆ. ದ್ರಾವಣದಲ್ಲಿರುವ ಸಕ್ಕರೆ ಮೈಯ ಜಾಸ್ತಿ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಹೊರಗೆ ಬಿಟ್ಟು ಹೊಸದು ತುಂಬಬೇಕು. ನನಗೆ ದಿನಕ್ಕೆ ನಾಲ್ಕು ಸಲ. ಹೊಸದು ಮೇಲೆ ತೂಗುಹಾಕಿದ ಬ್ಯಾಗಿನಿಂದ ಇಳಿಯುತ್ತದೆ, ಹಳೆಯದು ನೆಲದ ಮೇಲಿನ ಬ್ಯಾಗಿಗೆ ಹೋಗುತ್ತದೆ. ಕರೆಂಟ್ ಬೇಕಿಲ್ಲ. ಮೂರು ದಿನ ಕರೆಂಟ್ ಹೋದರೂ ನನ್ನ ಡಯಾಲಿಸಿಸ್ ನಿಲ್ಲುವುದಿಲ್ಲ.

ಆದರೆ ಕೈಯಲ್ಲಿರುವ ಕ್ರಿಮಿ ಟ್ಯೂಬಿನ ಬಾಯಿಗೆ ತಾಗಿದರೆ ನೇರ ಆ ಪರೆಗೇ ಹೋಗುತ್ತದೆ. ಪರೆಗೆ ಸೋಂಕಾದರೆ ಪೆರಿಟೋನೈಟಿಸ್. ನನಗೆ ಒಮ್ಮೆ ಆಗಿದೆ. ಆ ಜುಲೈಯಲ್ಲಿ ಕರೆಂಟ್ ಇರಲಿಲ್ಲ, ಕೈ ಒರೆಸುವ ಕಾಗದ ಮುಗಿದಿತ್ತು. ಸೋಪಿನಲ್ಲಿ ಚೆನ್ನಾಗಿಯೇ ಕೈ ತೊಳೆದೆ, ಆದರೆ ಬಚ್ಚಲಲ್ಲಿ ನೇತಾಡುತ್ತಿದ್ದ ಟವೆಲಿನಲ್ಲಿ ಒರೆಸಿಕೊಂಡೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಬಟ್ಟೆ ಒಣಗುತ್ತದೆ ಹೇಳಿ. ಎರಡು ದಿನ ಬಿಟ್ಟು ಹೊಟ್ಟೆ ನೋವು ಶುರುವಾಯಿತು. ಬ್ಯಾಗಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬಂತು. ಮಳೆ ಸ್ವಲ್ಪ ಇಳಿಯಲಿ ಅಂತ ಒಂದು ರಾತ್ರಿ ಕಾದೆ. ಅದು ದೊಡ್ಡ ತಪ್ಪು. ಬೆಳಿಗ್ಗೆ ಹೊತ್ತಿಗೆ ನೆಟ್ಟಗೆ ನಿಲ್ಲಲೂ ಆಗಲಿಲ್ಲ. ನೀರಿನ ಪರೀಕ್ಷೆಯಲ್ಲಿ ಸಿಕ್ಕಿದ್ದು ಚರ್ಮದ ಮೇಲೆ ಇರುವಂಥ ಬ್ಯಾಕ್ಟೀರಿಯಾ.

ಈಗ ನಾನು ಮಾಡುವುದು ಹೀಗೆ. ನಾಯಿ, ಬೆಕ್ಕನ್ನು ಹೊರಗೆ ಹಾಕಿ ಬಾಗಿಲು ಕಿಟಕಿ ಮುಚ್ಚುತ್ತೇನೆ, ಫ್ಯಾನ್ ಆರಿಸುತ್ತೇನೆ. ಮಾಸ್ಕ್ ಹಾಕುತ್ತೇನೆ. ಕೋಣೆಯಲ್ಲಿ ನಮ್ಮವರಿದ್ದರೆ ಅವರಿಗೂ ಮಾಸ್ಕ್. ಬಳೆ, ಉಂಗುರ ತೆಗೆದು ಬೆರಳ ಸಂದಿಗಳನ್ನೂ ಸೋಪಿನಲ್ಲಿ ತೊಳೆದು, ಹೊಸ ಪೇಪರ್ ಟವೆಲಿನಲ್ಲಿ ಪೂರ್ತಿ ಒಣಗಿಸುತ್ತೇನೆ. ಟ್ಯೂಬ್ ಜೋಡಿಸುವ ಮುಂಚೆ ಸ್ಯಾನಿಟೈಸರ್ ಹಚ್ಚಿ ಅದೂ ಆರಲು ಬಿಡುತ್ತೇನೆ. ಕೈ ತೊಳೆದರೆ ಸಾಲದು, ಒಣಗಬೇಕು. ಟ್ಯೂಬಿನ ಬಾಯಿ ಮುಚ್ಚುವ ಕ್ಯಾಪ್ ಪ್ರತಿ ಸಲ ಹೊಸದು. ಟ್ಯೂಬಿನ ತುದಿ ಬಟ್ಟೆಗೋ ಮಂಚಕ್ಕೋ ತಾಗಿತು ಅಂದುಕೊಳ್ಳಿ. ಆಗ ಮುಂದುವರಿಸಬೇಡಿ. ಕ್ಲಾಂಪ್ ಹಾಕಿ, ಹೊಸ ಕ್ಯಾಪ್ ಮುಚ್ಚಿ, ಸಿಸ್ಟರಿಗೆ ಫೋನ್ ಮಾಡಿ.

ಚಳಿಗೆ ದ್ರಾವಣ ತಣ್ಣಗಿದ್ದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಬಿಸಿ ಮಾಡಲೇಬೇಕು. ಆದರೆ ಬಿಸಿನೀರಿನಲ್ಲಿ ಮುಳುಗಿಸಬಾರದು, ಒಲೆಯ ಹತ್ತಿರ ಇಡಬಾರದು. ನಾನು ಹೊರಕವರ್ ತೆಗೆಯದೆ ಹೀಟಿಂಗ್ ಪ್ಯಾಡಿನ ಮೇಲೆ ಇಡುತ್ತೇನೆ. ಕರೆಂಟ್ ಇಲ್ಲದಿದ್ದರೆ ಕಂಬಳಿಯೊಳಗೆ ಮೈಗೆ ಒತ್ತಿಕೊಂಡು ಕೂರುತ್ತೇನೆ.

ನೀರು ಮಸುಕಾದ ದಿನ ಜ್ವರ ಇಲ್ಲ, ನೋವಿಲ್ಲ ಅಂತ ಸುಮ್ನೆ ಇರಬೇಡಿ. ನೀರು ತಿಳಿಯಾಗಿದ್ದು ಹೊಟ್ಟೆ ಜೋರಾಗಿ ನೋಯುತ್ತಿದ್ದರೂ ಅಷ್ಟೇ. ಅದೇ ದಿನ ಹೋಗಿ. ಮಸುಕು ಬ್ಯಾಗನ್ನು ಚೆಲ್ಲದೆ, ಶುದ್ಧ ಕವರಿನಲ್ಲಿ ಕಟ್ಟಿ ಜೊತೆಗೇ ಒಯ್ಯಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದರೆ ಪರೀಕ್ಷೆಯಲ್ಲಿ ಕ್ರಿಮಿ ಸಿಗದೇ ಹೋಗಬಹುದು. ಲ್ಯಾಬಿನಲ್ಲಿ ಬಿಳಿ ರಕ್ತಕಣ ಎಣಿಸುತ್ತಾರೆ. ಒಂದು ಮೈಕ್ರೋಲೀಟರಿಗೆ 100ಕ್ಕಿಂತ ಜಾಸ್ತಿ ಇದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಅನ್ನುವ ಬಗೆಯ ಕಣ ಆದರೆ ಸೋಂಕು ಅಂತ ಲೆಕ್ಕ. ಯಾವ ಕ್ರಿಮಿ ಅಂತ ಕಲ್ಚರ್ ವರದಿ ಬರಲು ಕೆಲವು ದಿನ ಬೇಕು. ಅಲ್ಲಿ ತನಕ ಕಾಯದೆ ಔಷಧಿ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಅದನ್ನು ಡಯಾಲಿಸಿಸ್ ಬ್ಯಾಗಿಗೇ ಸೇರಿಸುತ್ತಾರೆ, ಪರೆಗೆ ನೇರ ಸಿಗಲಿ ಅಂತ. ಎರಡರಿಂದ ಮೂರು ವಾರ ಕೊಡಬೇಕಾಗುತ್ತದೆ. ನನಗೆ ಎರಡು ವಾರ ಕೊಟ್ಟರು. ಮೂರನೇ ದಿನಕ್ಕೆ ಪೇಪರಿನ ಅಕ್ಷರ ಕಂಡಿತು. ಆದರೂ ಔಷಧಿ ಮಧ್ಯದಲ್ಲಿ ಬಿಡಲಿಲ್ಲ. ಐದು ದಿನ ಸರಿಯಾದ ಔಷಧಿ ಕೊಟ್ಟರೂ ನೀರು ತಿಳಿಯಾಗದಿದ್ದರೆ ಟ್ಯೂಬ್ ತೆಗೆಯುವ ಮಾತು ಬರುತ್ತದೆ. ಶಿಲೀಂಧ್ರದ ಸೋಂಕಾದರೆ ತಡಮಾಡದೆ ತೆಗೆಯುತ್ತಾರೆ. ಪರೆ ಹಾಳಾಗದೆ ಉಳಿಯಲಿ ಅಂತಲೇ ತೆಗೆಯುವುದು, ಹೆದರಿ ಬೇಡ ಅನ್ನಬೇಡಿ.

ಟ್ಯೂಬ್ ಹೊರಬರುವ ಜಾಗವನ್ನೂ ದಿನಾ ನೋಡಬೇಕು. ಕೆಂಪು, ಕೀವು ಕಂಡರೆ ಹೇಳಬೇಕು. ಕೆರೆ, ಹೊಳೆಗೆ ಇಳಿಯುವ ಹಾಗಿಲ್ಲ. ತುಲಾ ಸಂಕ್ರಮಣಕ್ಕೆ ಭಾಗಮಂಡಲದ ಸಂಗಮದಲ್ಲಿ ಮೀಯದೇ ಬಂದದ್ದು ಮೊದಲ ವರ್ಷ ನನಗೆ ತುಂಬಾ ಸಂಕಟವಾಯಿತು. ಈಗ ನಮ್ಮವರು ಬೊಗಸೆಯಲ್ಲಿ ತಂದು ತಲೆಗೆ ಚಿಮುಕಿಸುತ್ತಾರೆ.

ಊಟದಲ್ಲಿ ಒಂದು ಮಾತು. ಈ ನೀರಿನ ಜೊತೆ ದಿನಾ ಪ್ರೊಟೀನ್ ಹೋಗುತ್ತದೆ, ಸೋಂಕಾದಾಗ ಇನ್ನೂ ಜಾಸ್ತಿ. ಮೊಟ್ಟೆ, ಕೋಳಿ, ಹಸಿ ಮೀನು ಬೇಕು. ಉಪ್ಪು ತುಂಬಿದ ಒಣಮೀನು ಬೇಡ. ಕಕ್ಕಡದಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸವನ್ನು ಡಾಕ್ಟರನ್ನು ಕೇಳದೆ ನಾನು ಮುಟ್ಟುವುದಿಲ್ಲ. ಮಲಬದ್ಧತೆ ಆಗಲು ಬಿಡಬೇಡಿ. ಕರುಳಿನ ಕ್ರಿಮಿಯೂ ಪರೆಗೆ ದಾಟಬಹುದು.

ತಿಂಗಳಿಗೆ ನೂರಿಪ್ಪತ್ತು ಬ್ಯಾಗ್ ಬೇಕು. ಮೇ ತಿಂಗಳಲ್ಲೇ ಮೂರು ವಾರದ್ದು ಜಾಸ್ತಿ ತರಿಸಿಡುತ್ತೇನೆ. ಗೋಡೆಗೆ ತಾಗದ ಹಾಗೆ ಹಲಗೆಯ ಮೇಲೆ ಜೋಡಿಸಬೇಕು, ಇಲ್ಲದಿದ್ದರೆ ಡಬ್ಬಕ್ಕೆ ಬೂಸ್ಟು ಹಿಡಿಯುತ್ತದೆ. ಆಸ್ಪತ್ರೆಗೆ ಹೊರಡಲು ಒಂದು ಚೀಲ ಯಾವಾಗಲೂ ರೆಡಿ: ಎರಡು ಬ್ಯಾಗ್, ಕ್ಯಾಪ್, ಮಾಸ್ಕ್, ತೂಕ ಮತ್ತು ಬಿ.ಪಿ. ಬರೆದ ಪುಸ್ತಕ. ಆಸ್ಪತ್ರೆಯ ನಂಬರು ಗೋಡೆಯ ಕ್ಯಾಲೆಂಡರಿನಲ್ಲಿದೆ. ಅದರ ಕೆಳಗೆ ನಮ್ಮೂರಿನ ಇಬ್ಬರು ಜೀಪಿನವರ ನಂಬರು ಬರೆದಿಟ್ಟಿದ್ದೇನೆ, ಒಬ್ಬರು ಸಿಗದಿದ್ದರೆ ಇನ್ನೊಬ್ಬರು.