ಟ್ರ್ಯಾಕ್‌ಗೆ ಕೀ ಆರಿಸುವಾಗ ನಾನು ಮೊದಲು ಬೇಸ್ ನೋಡುತ್ತೇನೆ

ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡಲು ಹೊಸದಾಗಿ ಕೂತವರು ನನ್ನನ್ನು ಜಾಸ್ತಿ ಕೇಳುವುದು, ಯಾವ ಕೀ, ಅಂದರೆ ಯಾವ ಸ್ವರವನ್ನು ಆಧಾರ ಮಾಡಿಕೊಂಡ ಯಾವ ಸ್ಕೇಲು, ಇಟ್ಟುಕೊಳ್ಳಲಿ ಅಂತ. ಎಫ್ ಮೈನರ್ ಗಂಭೀರ, ಡಿ ಮೈನರ್ ದುಃಖ, ಸಿ ಮೇಜರ್ ಖುಷಿ ಅಂತ ಎಲ್ಲೋ ಓದಿಕೊಂಡು ಬಂದಿರುತ್ತಾರೆ. ನಾನು ಅದನ್ನು ನಂಬುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಒಂದು ಸ್ಥಾಯಿ ಅಂದರೆ ಹನ್ನೆರಡು ಸಮ ಭಾಗ, ಅಂದರೆ ಹನ್ನೆರಡು ಮೆಟ್ಟಿಲು. ಹಾಗಾಗಿ ಎಲ್ಲ ಮೈನರ್ ಸ್ಕೇಲುಗಳ ಒಳಗಿನ ಅಂತರಗಳೂ ಒಂದೇ. ಎಫ್ ಮೈನರ್‌ನಲ್ಲಿದ್ದ ಟ್ಯೂನನ್ನು ಜಿ ಮೈನರ್‌ಗೆ ಎತ್ತಿದರೆ ಟ್ಯೂನ್ ಹಾಗೇ ಇರುತ್ತದೆ, ಎತ್ತರ ಮಾತ್ರ ಬೇರೆ. ಕ್ಲಬ್ಬಿಗೆ ಮಾಡುವ ಸಂಗೀತದಲ್ಲಿ ಆ ಎತ್ತರದಿಂದಲೇ ಎಷ್ಟೋ ವಿಷಯ ನಿರ್ಧಾರ ಆಗಿಹೋಗುತ್ತದೆ. ಅದಕ್ಕೇ ನಾನು ತಿರುಗಿ ಕೇಳುವುದು ಇಷ್ಟು: ನಿಮ್ಮ ಬೇಸ್ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎತ್ತ ಹೋಗುತ್ತದೆ?

ಲೆಕ್ಕ ಹೀಗಿದೆ. ಎ ಸ್ವರ 440 ಹರ್ಟ್ಜ್. ಅದನ್ನು ಅರ್ಧ ಮಾಡುತ್ತಾ ಇಳಿದರೆ 220, 110, 55. ಈ 55ರ ಸುತ್ತಮುತ್ತಲೇ ಸಬ್ ಬೇಸ್, ಅಂದರೆ ಬೇಸ್‌ನ ಅತಿ ಕೆಳಗಿನ ದನಿ, ಇರುವುದು. ಕೆಳಗಿನಿಂದ ಹೇಳುವುದಾದರೆ ಇ 41.2, ಎಫ್ 43.65, ಎಫ್ ಶಾರ್ಪ್ 46.25, ಜಿ 49, ಜಿ ಶಾರ್ಪ್ 51.9, ಎ 55, ಎ ಶಾರ್ಪ್ 58.27. ಇನ್ನೂ ಕೆಳಗೆ ಹೋದರೆ ಡಿ 36.7, ಸಿ 32.7. ಸುಮಾರು 40ರ ಕೆಳಗೆ ಎಷ್ಟೋ ಸೌಂಡ್ ಸಿಸ್ಟಮ್‌ಗಳ ದನಿ ಇಳಿದುಹೋಗುತ್ತದೆ. ಮನೆಯಲ್ಲಿಡುವ 5 ಇಂಚಿನ ಮಾನಿಟರ್ ಸ್ಪೀಕರ್‌ಗಳಂತೂ 50ರ ಹತ್ತಿರವೇ ಸುಸ್ತು. ನಮ್ಮ ಕಿವಿಯೂ ಅಲ್ಲಿ ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು: ಕೆಳಗಿನ ಸ್ವರ ಮಧ್ಯದ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ ಅದಕ್ಕೆ ತುಂಬಾ ಹೆಚ್ಚು ಶಕ್ತಿ ಬೇಕು. ಅಂದರೆ ಸಿ ಮೈನರ್‌ನಲ್ಲಿ 32.7ಕ್ಕೆ ಬೇಸ್ ಇಟ್ಟರೆ ಅದು ಮಿಕ್ಸ್‌ನ (ಎಲ್ಲ ದನಿಗಳನ್ನು ಬೆರೆಸಿದ ಒಟ್ಟು ರೂಪದ) ಜಾಗವನ್ನೆಲ್ಲ ತಿಂದು, ಕೊನೆಗೆ ಕೇಳಿಸುವುದೂ ಇಲ್ಲ. ಒಂದು ಸ್ಥಾಯಿ ಮೇಲಕ್ಕೆ, 65.4ಕ್ಕೆ ತಂದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಎದೆಗೆ ತಟ್ಟುವ ಆ ಭಾರ ಕಮ್ಮಿಯಾಗುತ್ತದೆ. ಬೇಸ್ ಜಾಸ್ತಿ ಇರುವ ಡಾನ್ಸ್ ಟ್ರ್ಯಾಕ್‌ಗಳಲ್ಲಿ ಎಫ್‌ನಿಂದ ಎ ವರೆಗಿನ ಮೈನರ್ ಕೀಗಳು ಮತ್ತೆ ಮತ್ತೆ ಕಾಣಿಸಿಕೊಳ್ಳಲು ದೊಡ್ಡ ಕಾರಣ ಇದೇ.

ಇಷ್ಟು ತಿಳಿದವರು ಎಫ್ ಅಥವಾ ಜಿ ಹಿಡಿದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಅಸಲಿ ಕೆಲಸ ಇಲ್ಲಿಂದ ಶುರು. ಬೇಸ್ ಒಂದೇ ಸ್ವರದಲ್ಲಿ ನಿಂತಿರುವುದಿಲ್ಲ ಅಲ್ವಾ? ಎಫ್ ಮೈನರ್‌ನಲ್ಲಿ ಎಲ್ಲರೂ ಬಳಸುವ ಒಂದು ಇಳಿಕೆ ನೋಡಿ: ಎಫ್, ಇ ಫ್ಲಾಟ್ (ಡಿ ಶಾರ್ಪ್‌ನ ಇನ್ನೊಂದು ಹೆಸರು), ಡಿ ಫ್ಲಾಟ್ (ಅಂದರೆ ಸಿ ಶಾರ್ಪ್). ಎಫ್ 43.65ರಲ್ಲಿ ಭರ್ಜರಿಯಾಗಿ ಬಡಿಯುತ್ತದೆ. ಇ ಫ್ಲಾಟ್ 38.9ಕ್ಕೆ ಬಂದಾಗ ತಳ ಸಡಿಲ. ಡಿ ಫ್ಲಾಟ್ 34.6, ಅಲ್ಲಿ ಬೇಸ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸರಿ, ಆ ಎರಡನ್ನೂ ಮೇಲಿನ ಸ್ಥಾಯಿಗೆ ಎತ್ತೋಣ ಅಂದರೆ 77.8 ಮತ್ತು 69.3 ಆಗುತ್ತವೆ. ಆಗ ಇಳಿಯಬೇಕಾದ ಬೇಸ್ ಹಾರಿ ಮೇಲೆ ಹೋಗಿ ಕೂರುತ್ತದೆ. ಅದೇ ಇಳಿಕೆಯನ್ನು ಎ ಮೈನರ್‌ನಲ್ಲಿ ಮಾಡಿ: ಎ 55, ಜಿ 49, ಎಫ್ 43.65. ಮೂರೂ ಗಟ್ಟಿಯಾದ ಜಾಗದಲ್ಲೇ ಬೀಳುತ್ತವೆ.

ಬೇಸ್‌ಲೈನ್ ಮೂಲ ಸ್ವರದಿಂದ ಮೇಲಕ್ಕೆ ಓಡುವಂಥದ್ದಾದರೆ ಮಾತೇ ಬೇರೆ. ಆಗ ಎಫ್ ಮೈನರ್ ತುಂಬಾ ಚೆನ್ನ: 43.65ರಿಂದ ಎ ಫ್ಲಾಟ್ 51.9, ಬಿ ಫ್ಲಾಟ್ 58.27, ಸಿ 65.4. ಹಾಗಾಗಿ ನಾನು ಬೇಸ್‌ಲೈನನ್ನು ಯಾವುದೋ ಒಂದು ಕೀನಲ್ಲಿ ಬರೆದು, ಅದರ ಅತಿ ಕೆಳಗಿನ ಸ್ವರ ಯಾವುದು ಅಂತ ನೋಡುತ್ತೇನೆ. ಆ ಸ್ವರ 41ರಿಂದ 46ರ ಒಳಗೆ ಬೀಳುವ ಹಾಗೆ ಇಡೀ ಪ್ರಾಜೆಕ್ಟನ್ನು ಎತ್ತುತ್ತೇನೆ ಅಥವಾ ಇಳಿಸುತ್ತೇನೆ. ಕೀಯ ಹೆಸರು ಏನಾಗುತ್ತದೋ ಆಗಲಿ. ಈ ಕೆಲಸ ಶುರುವಿನಲ್ಲೇ ಮುಗಿಯಬೇಕು. ಸ್ಯಾಂಪಲ್‌ಗಳು, ಹಾಡಿದ ದನಿ, ಫಿಲ್ಟರ್ ಎಲ್ಲ ಕೂಡಿಸಿದ ಮೇಲೆ ಎರಡು ಮೆಟ್ಟಿಲು ಆಚೀಚೆ ಮಾಡಿದರೆ ಅರ್ಧ ಮಿಕ್ಸನ್ನು ಮತ್ತೆ ಮಾಡಬೇಕಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಸ್ವರದ ಪಕ್ಕದ ಅಂಕಿಯನ್ನು ನಂಬಬೇಡಿ. 43.65 ಹರ್ಟ್ಜ್‌ನ ಎಫ್ ಅನ್ನು ವಿಜ್ಞಾನದ ಪುಸ್ತಕ ಎಫ್1 ಅನ್ನುತ್ತದೆ, ಸಂಗೀತ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಏಬಲ್ಟನ್ ಎಫ್0 ಅನ್ನುತ್ತದೆ, ಎಫ್‌ಎಲ್ ಸ್ಟುಡಿಯೋ ಎಫ್2 ಅನ್ನುತ್ತದೆ. ಮೂರೂ ಒಂದೇ ಸ್ವರ. ಯಾರೋ ವಿಡಿಯೋದಲ್ಲಿ ಎಫ್1 ಅಂದರು ಅಂತ ಏಬಲ್ಟನ್‌ನಲ್ಲಿ ಎಫ್1 ಒತ್ತಿದರೆ ಬರುವುದು 87.3. ದನಿ ಯಾವ ಹರ್ಟ್ಜ್‌ನಲ್ಲಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಪ್ಲಗಿನ್ ತೆರೆದು ನೋಡಿಕೊಳ್ಳುವುದೇ ಸರಿಯಾದ ದಾರಿ.

ಕಿಕ್, ಅಂದರೆ ಬೀಟಿನ ದಪ್ಪ ಡ್ರಮ್ ಹೊಡೆತ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1980ರ ಟಿಆರ್-808 ಡ್ರಮ್ ಮೆಷಿನ್‌ನ ಥರ ಉದ್ದಕ್ಕೆ ಗುಂಯ್‌ಗುಡುವ ಕಿಕ್ ಆದರೆ ಅದಕ್ಕೆ ಸ್ಪಷ್ಟ ಸ್ವರವಿದೆ, ಕೀಗೆ ಸೇರಿಸಲೇಬೇಕು. ಮೂಲ ಸ್ವರಕ್ಕೆ ಅಥವಾ ಅದರ ಪಂಚಮಕ್ಕೆ ಟ್ಯೂನ್ ಮಾಡುತ್ತೇನೆ. ಟಪ್ ಅಂತ ಮುಗಿಯುವ ಗಿಡ್ಡ ಕಿಕ್‌ಗೆ ಇದೆಲ್ಲ ಬೇಡ, ಸುಮ್ನೆ ತಲೆ ಕೆಡಿಸಿಕೊಳ್ಳಬಾರದು.

ಇಲ್ಲಿಯವರೆಗೆ ಹೇಳಿದ್ದು ಹಾಡಿಲ್ಲದ ಟ್ರ್ಯಾಕ್ ಮಾತು. ಮನುಷ್ಯರ ದನಿ ಬಂತು ಅಂದರೆ ಕೀ ಅವರದ್ದು. ಹಾಡುವವರು ಎಲ್ಲಿ ಆರಾಮಾಗಿ ತಾರಸ್ಥಾಯಿ ಮುಟ್ಟುತ್ತಾರೋ ಅಲ್ಲಿಗೆ ನಾನು ಹೋಗಬೇಕು. ದನಿಯನ್ನು ಪ್ಲಗಿನ್‌ನಲ್ಲಿ ಮೂರು ಮೆಟ್ಟಿಲು ಎಳೆದರೆ ಗಂಟಲಿನ ಗುಣವೇ ಬದಲಾಗುತ್ತದೆ, ಗಮಕ ಕಲಸಿಹೋಗುತ್ತದೆ. ಹೆಣ್ಣು ದನಿ ಐದೂವರೆ ಮನೆ ಶ್ರುತಿಯಲ್ಲಿದ್ದರೆ ನನಗೆ ಹಬ್ಬ. ನಮ್ಮ ಸಂಗೀತದಲ್ಲಿ ಶ್ರುತಿಯನ್ನು ಮನೆ ಲೆಕ್ಕದಲ್ಲಿ ಹೇಳುತ್ತಾರೆ; ಐದೂವರೆ ಅಂದರೆ ಜಿ ಶಾರ್ಪ್, ಬೇಸ್ 51.9ಕ್ಕೆ ತಾನಾಗಿ ಕೂರುತ್ತದೆ. ಕಷ್ಟ ಇರುವುದು ಒಂದು, ಒಂದೂವರೆ, ಎರಡು ಮನೆಯ ಗಂಡು ದನಿಗಳಲ್ಲಿ. ಸಿ, ಸಿ ಶಾರ್ಪ್, ಡಿ. ಷಡ್ಜಕ್ಕೇ ಬೇಸ್ ಇಡೋಣ ಅಂದರೆ ಒಂದೋ ಪಾತಾಳಕ್ಕೆ ಹೋಗುತ್ತದೆ, ಇಲ್ಲವೇ ಹಗುರವಾಗುತ್ತದೆ.

ಗೆಳೆಯರೊಬ್ಬರು ಒಂದೂವರೆ ಮನೆಯಲ್ಲಿ ಮೋಹನ ರಾಗದ ಆಲಾಪನೆ ಹಾಡಿಕೊಟ್ಟಿದ್ದರು. ಹಿಂದೆ ತಂಬೂರಿ ಇತ್ತು. ಷಡ್ಜ ಸಿ ಶಾರ್ಪ್, ಬೇಸ್‌ಗೆ ಸಿಗುವುದು 34.6 ಅಥವಾ 69.3. ಎರಡೂ ಬೇಡವಾಗಿತ್ತು. ಆಗ ಕೈಹಿಡಿದದ್ದು ಸಂಗೀತ ಪಾಠದಲ್ಲಿ ಕಲಿತ ಗ್ರಹಭೇದ. ರಾಗದ ಬೇರೆ ಸ್ವರವನ್ನು ಷಡ್ಜ ಅಂದುಕೊಂಡರೆ ಅವೇ ಸ್ವರಗಳು ಬೇರೆ ರಾಗವಾಗಿ ಕೇಳುತ್ತವೆ. ಮೋಹನದ ರಿಷಭದಿಂದ ಮಧ್ಯಮಾವತಿ, ಗಾಂಧಾರದಿಂದ ಹಿಂದೋಳ, ಪಂಚಮದಿಂದ ಶುದ್ಧ ಸಾವೇರಿ, ಧೈವತದಿಂದ ಶುದ್ಧ ಧನ್ಯಾಸಿಯ ಸ್ವರಗಳು ಹುಟ್ಟುತ್ತವೆ. ಕಛೇರಿಯಲ್ಲಿ ಹಾಡುವವರು ಇದನ್ನು ಗಂಟಲಲ್ಲಿ ಮಾಡಿ ತೋರಿಸುತ್ತಾರೆ. ನಾನು ಅದನ್ನು ಬೇಸ್ ಕೈಲಿ ಮಾಡಿಸಿದೆ. ಹಾಡುವವರು ಇದ್ದಲ್ಲೇ ಇರಲಿ, ಕೆಳಗಿನ ನೆಲ ಸರಿಯಲಿ.

ಒಂದೊಂದನ್ನೇ ಇಟ್ಟು ಕೇಳಿದೆ. ರಿಷಭ ಅಂದರೆ ಡಿ ಶಾರ್ಪ್, 38.9, ತೀರಾ ಕೆಳಗೆ. ಗಾಂಧಾರ ಅಂದರೆ ಎಫ್, 43ರ ಆಸುಪಾಸು, ಜಾಗವೇನೋ ಸೊಗಸು. ಆದರೆ ಹಿಂದೋಳಕ್ಕೆ ಪಂಚಮವಿಲ್ಲ, ಬೇಸ್ ಎಲ್ಲೂ ನೆಲೆ ನಿಲ್ಲಲಿಲ್ಲ. ಪಂಚಮ, ಜಿ ಶಾರ್ಪ್, 51.9: ಚೆನ್ನಾಗಿತ್ತು, ಆದರೆ ತೀರಾ ಬೆಳಕು, ನನಗೆ ಬೇಕಾದ ರಾತ್ರಿಯ ಬಣ್ಣ ಅದರಲ್ಲಿರಲಿಲ್ಲ. ಧೈವತ, ಎ ಶಾರ್ಪ್, 58ರ ಹತ್ತಿರ. ಇಟ್ಟ ತಕ್ಷಣ ಇಡೀ ಆಲಾಪನೆ ಮೈನರ್ ಆಗಿ ತಿರುಗಿತು. ತಂಬೂರಿಯೂ ಅಡ್ಡ ಬರಲಿಲ್ಲ. ಅದರ ಸಿ ಶಾರ್ಪ್ ಈಗ ಮೂರನೇ ಸ್ವರ, ಪಂಚಮದ ತಂತಿ ಏಳನೇ ಸ್ವರ. ಷಡ್ಜದ ತಂತಿಯೊಳಗಿಂದ ಹೊಮ್ಮುವ ಅಂತರ ಗಾಂಧಾರ ಇದೆಯಲ್ಲ, ಅದು ಎ ಶಾರ್ಪ್‌ನ ಪಂಚಮವಾಗಿ ನಿಂತಿತು. ಬೇಸ್ ಕೆಳಗೆ ಸೇರಿದ್ದೇ ತಡ, ತಂಬೂರಿ ಒಂದು ಮೈನರ್ ಸೆವೆನ್ತ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಆಗಿಬಿಟ್ಟಿತ್ತು. ಪಾಶ್ಚಾತ್ಯ ಸಂಗೀತದವರು ಇದನ್ನು ರಿಲೆಟಿವ್ ಮೈನರ್ ಅನ್ನುತ್ತಾರೆ. ನನಗೆ ಮಾತ್ರ ಗ್ರಹಭೇದದ ದಾರಿಯಿಂದ ಬಂದಾಗ ಐದೂ ಬಾಗಿಲು ಒಟ್ಟಿಗೆ ಕಂಡವು.

ಕೆಲಸ ಇನ್ನೂ ಬಾಕಿ ಇತ್ತು. ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಸಿಂತಸೈಜರ್ (ಸಿಂತ್) ದನಿ, ಹಾಕಿದಾಗ ಹಾಡಿನ ಜೊತೆ ಸಣ್ಣಗೆ ಉಜ್ಜಾಟ. ಕಾರಣ ಶ್ರುತಿ. ತಂಬೂರಿ ಕೇಳಿಕೊಂಡು ಹಾಡುವವರ ಗಾಂಧಾರ ಷಡ್ಜದ ಐದು ನಾಲ್ಕಾಂಶದಲ್ಲಿ ನಿಲ್ಲುತ್ತದೆ, ಅದು ಸಿಂತ್‌ನ ಎಫ್‌ಗಿಂತ 14 ಸೆಂಟ್ಸ್ ಕಮ್ಮಿ (ಒಂದು ಮೆಟ್ಟಿಲಿಗೆ ನೂರು ಸೆಂಟ್ಸ್). ಧೈವತ ಐದು ಮೂರಾಂಶ, ಸಿಂತ್‌ನ ಎ ಶಾರ್ಪ್‌ಗಿಂತ 16 ಸೆಂಟ್ಸ್ ಕಮ್ಮಿ. ಗಮಕದ ಓಡಾಟದಲ್ಲಿ ಇದು ತಿಳಿಯುವುದಿಲ್ಲ. ಧೈವತವನ್ನು ಉದ್ದಕ್ಕೆ ಹಿಡಿದು ನಿಂತಾಗ ಪ್ಯಾಡ್ ತಲೆಯ ಮೇಲೆ ಕೂತ ಹಾಗೆ ಕೇಳುತ್ತದೆ. ಅವರ ದನಿಯನ್ನು ಆಟೋಟ್ಯೂನ್‌ನಿಂದ ಮೇಲಕ್ಕೆ ತಳ್ಳುವುದು ಸುಲಭ. ನಾನು ಅದನ್ನು ಮಾಡುವುದಿಲ್ಲ. ಸರಿಯಾಗಿ ಹಾಡಿದವರು ಅವರು. ಬಗ್ಗಬೇಕಾದ್ದು ಸಿಂತ್.

ವೈಟಲ್, ಸರ್ಜ್ ಥರದ ಸಿಂತ್‌ಗಳು ಸ್ಕಾಲಾ ಫೈಲ್, ಅಂದರೆ ನಮಗೆ ಬೇಕಾದ ಶ್ರುತಿ ಬರೆದಿಟ್ಟ ಫೈಲ್, ತೆಗೆದುಕೊಳ್ಳುತ್ತವೆ. ಸಿ ಶಾರ್ಪ್ ಅನ್ನು ಆಧಾರವಾಗಿಟ್ಟು ಮೋಹನದ ಸ್ವರಗಳನ್ನು ಅವುಗಳ ಶುದ್ಧ ಅನುಪಾತದಲ್ಲಿ ಬರೆದು ಪ್ಯಾಡ್‌ಗೂ ಬೇಸ್‌ಗೂ ಹಾಕಿದೆ. ಬೇಸ್ 58.27ರಿಂದ 57.75ಕ್ಕೆ ಇಳಿಯಿತು. ಎ ಶಾರ್ಪ್, ಸಿ ಶಾರ್ಪ್, ಎಫ್ ಮೂರೂ ಸೇರಿದಾಗ ಅಲೆಯೇ ಇಲ್ಲದ ಶುದ್ಧ ಮೈನರ್ ಕಾರ್ಡ್. ಹಾಡು, ತಂಬೂರಿ, ಪ್ಯಾಡ್ ಒಂದೇ ಉಸಿರಾಗಿ ಕೇಳಿದವು. ಇದಕ್ಕೆ ಒಂದು ಬೆಲೆಯೂ ಇದೆ. ಈ ಶ್ರುತಿಯಲ್ಲಿ ಡಿ ಶಾರ್ಪ್ ಮತ್ತು ಎ ಶಾರ್ಪ್ ನಡುವಿನ ಪಂಚಮ 680 ಸೆಂಟ್ಸ್ ಮಾತ್ರ, ಅಂದರೆ ಶುದ್ಧ ಪಂಚಮಕ್ಕಿಂತ 22 ಸೆಂಟ್ಸ್ ಖೋತಾ. ಅವೆರಡನ್ನೂ ಒಟ್ಟಿಗೆ ಒತ್ತಿದರೆ ಕಿರುಚುತ್ತದೆ. ಆ ಜೋಡಿಯನ್ನು ಪ್ಯಾಡ್‌ನಿಂದಲೇ ತೆಗೆದುಹಾಕಿದೆ.

ಇನ್ನೊಂದು ಮಾತು ಹೇಳಲೇಬೇಕು. ನಟಭೈರವಿ ಅಂದರೆ ನ್ಯಾಚುರಲ್ ಮೈನರ್, ತೋಡಿ ಅಂದರೆ ಫ್ರಿಜಿಯನ್, ಖರಹರಪ್ರಿಯ ಅಂದರೆ ಡೋರಿಯನ್ ಅಂತ ರಾಗಗಳನ್ನು ಪಾಶ್ಚಾತ್ಯ ಸ್ಕೇಲುಗಳಿಗೆ ಹೊಂದಿಸಿ ಪಟ್ಟಿ ಮಾಡುತ್ತಾರೆ. ಸ್ವರಸ್ಥಾನಗಳ ಮಟ್ಟಿಗೆ ಅದು ಸರಿ, ನಾನೂ ಬಣ್ಣ ಹುಡುಕುವಾಗ ಹಾಗೇ ಯೋಚಿಸುತ್ತೇನೆ. ಟೆಕ್ನೋಗೆ ಬಿಗುವು ಬೇಕಾದರೆ ತೋಡಿಯ ಶುದ್ಧ ರಿಷಭ, ಹೌಸ್ ಮ್ಯೂಸಿಕ್‌ಗೆ ಸ್ವಲ್ಪ ಹಿತ ಬೇಕಾದರೆ ಖರಹರಪ್ರಿಯದ ಚತುಶ್ರುತಿ ಧೈವತ. ಆದರೆ ಸಿಂತ್‌ನಲ್ಲಿ ಆ ಏಳು ಸ್ವರ ಒತ್ತಿದ ಮಾತ್ರಕ್ಕೆ ತೋಡಿ ಆಗುವುದಿಲ್ಲ. ತೋಡಿಯ ಗಾಂಧಾರ ಇರುವುದು ಅದರ ಗಮಕದಲ್ಲಿ. ಟ್ರ್ಯಾಕ್‌ನ ಹೆಸರಿಗೆ ರಾಗ ಅಂಟಿಸುವ ಮುಂಚೆ ಇದನ್ನು ನೆನಪಿಡುವುದು ಆ ಸಂಗೀತಕ್ಕೆ ನಾವು ಕೊಡುವ ಮರ್ಯಾದೆ.

ಡಿಜೆಗಳ ವಿಚಾರಕ್ಕೆ ಬಂದರೆ, ಯಾವ ಕೀ ಯಾವುದರ ಜೊತೆ ಬೆರೆಯುತ್ತದೆ ಅಂತ ಅಂಕಿಯಲ್ಲಿ ತೋರಿಸುವ ಕ್ಯಾಮಲಾಟ್ ಚಕ್ರ ಅವರಿಗೆಲ್ಲ ಗೊತ್ತಿರುವುದೇ. ಎ ಮೈನರ್ 8ಎ, ಅದರ ಅಕ್ಕಪಕ್ಕದ 7ಎ ಮತ್ತು 9ಎ, ಜೊತೆಗೆ ಸಿ ಮೇಜರ್ 8ಬಿ, ಇವು ಒಂದಕ್ಕೊಂದು ಚೆನ್ನಾಗಿ ಬೆರೆಯುತ್ತವೆ. ನನ್ನ ಆ ಮೋಹನದ ಟ್ರ್ಯಾಕ್ 3ಎ, ಅಂದರೆ ಎ ಶಾರ್ಪ್ ಮೈನರ್. ಡಿಜೆ ಸೆಟ್‌ಗೆ ಹೊಂದಲಿ ಅಂತ ಕೀ ಬದಲಿಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ವೇಗ ಬದಲಾದರೂ ಎತ್ತರ ಬದಲಾಗದಂತೆ ಹಿಡಿಯುವ ಕೀ ಲಾಕ್ ಹಾಕದೆ ವೇಗವನ್ನು ಸುಮಾರು ಶೇ. 6ರಷ್ಟು ಹೆಚ್ಚಿಸಿದರೆ ಟ್ರ್ಯಾಕ್ ಅರ್ಧ ಮನೆ ಮೇಲಕ್ಕೆ ಹೋಗುತ್ತದೆ. ಅಂದಮೇಲೆ ಡಿಜೆ ಕೈಗೆ ಹೋದ ಟ್ರ್ಯಾಕ್ ನಾವಿಟ್ಟ ಕೀನಲ್ಲೇ ಉಳಿಯುತ್ತದೆ ಅನ್ನುವ ಖಾತ್ರಿಯೇ ಇಲ್ಲ. ನಾನು ಮಾಡುವುದಿಷ್ಟು: ಶುರುವಿನ ಮತ್ತು ಕೊನೆಯ ಕೆಲವು ಬಾರ್‌ಗಳಲ್ಲಿ ತಾಳವಾದ್ಯ ಮಾತ್ರ ಇಡುತ್ತೇನೆ. ಬೆರೆಸುವವರಿಗೆ ಕೀಯ ಹಂಗಿಲ್ಲದ ಜಾಗ ಸಿಗುತ್ತದೆ.

ಕೊನೆಗೆ ಫೋನ್‌ನಲ್ಲಿ ಕೇಳುತ್ತೇನೆ. ಅಲ್ಲಿ 57 ಹರ್ಟ್ಜ್ ಬರುವುದೇ ಇಲ್ಲ, ಬರುವುದು ಅದರ ಹಲವು ಪಟ್ಟು ಮೇಲಿನ ಸ್ವರಗಳು. ಬೇಸ್‌ಗೆ ಸ್ವಲ್ಪ ಸ್ಯಾಚುರೇಶನ್ (ದನಿಯನ್ನು ಹದವಾಗಿ ಒಡೆಸುವ ಎಫೆಕ್ಟ್) ಹಾಕಿ ಅವುಗಳನ್ನು ಎಬ್ಬಿಸಿದರೆ, ಅಲ್ಲಿ ಇಲ್ಲದ ಕೆಳಗಿನ ಸ್ವರವನ್ನೂ ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ಅದಾದ ಮೇಲೆ ಫೈಲ್ ಹೆಸರಿನಲ್ಲಿ ಕೀ, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಜೊತೆಗೆ ಶ್ರುತಿ ಎಷ್ಟು ಸೆಂಟ್ಸ್ ಆಚೀಚೆ ಇದೆ ಅನ್ನುವುದನ್ನೂ ಬರೆದಿಡುತ್ತೇನೆ. ನಾಳೆ ಇನ್ಯಾರೋ ಇದಕ್ಕೆ ಕೊಳಲು ನುಡಿಸಲು ಬಂದರೆ ಅವರಿಗೆ ಮೊದಲು ಬೇಕಾಗುವುದು ಆ ಕೊನೆಯ ಅಂಕಿ.